ಬಂದೂಕಿನ ಸಿಂಬಿ

ಕೊಡ ಹೊತ್ತು ನಡೆದ ಹೆಣ್ಣುಮಗಳಿಗೆ ಸಿಂಬಿ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಸೀರೆಯ ತುಂಡನ್ನು ಹುರಿ ಮಾಡಿ ಸುತ್ತಿ ನೆತ್ತಿಯ ಮೇಲಿಟ್ಟುಕೊಂಡರೆ ತುಂಬಿದ ಕೊಡ ತುಳುಕದೆ ಮನೆ ಮುಟ್ಟುತ್ತದೆ. ಕೊಡದ ಭಾರವೇನೂ ಕಡಿಮೆಯಾಗುವುದಿಲ್ಲ, ಭಾರಕ್ಕೆ ಒಂದು ನೆಲೆ ಸಿಗುತ್ತದೆ ಅಷ್ಟೇ. ಬಂದೂಕಿಗೂ ಇಂಥದೊಂದು ಸಿಂಬಿ ಬೇಕು. ಅದಿಲ್ಲದೆ ಹಾರಿಸಿದ ಗುಂಡು ಎತ್ತ ಹೋಗುತ್ತದೆಂದು ಹಾರಿಸಿದವನೂ ಹೇಳಲಾರ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ, ಅಕ್ಷರ ಬಾರದ ನಮ್ಮ ಅಮ್ಮನಿಂದ ಕಲಿತೆ. ನಮ್ಮ ಕಡೆ ತಾಯಿಗೆ ಅವ್ವ, ತಾಯಿಯ ತಾಯಿಗೆ ಅಮ್ಮ ಅನ್ನುತ್ತೇವೆ.

ಶಾಲೆಯಲ್ಲಿ ಇತಿಹಾಸ ಹೇಳುತ್ತ ಇಪ್ಪತ್ತೆಂಟು ವರ್ಷವಾಯಿತು. ನೌಕರಿ ಸೇರಿದ್ದು ಸವಣೂರಿನಲ್ಲಿ, ಹನ್ನೊಂದು ವರ್ಷ ಕಳೆದದ್ದು ಶಿಗ್ಗಾಂವಿ ತಾಲೂಕಿನಲ್ಲಿ, ಈಗ ಇರುವುದು ಹಿರೇಕೆರೂರಿನಲ್ಲಿ. ೧೯೯೭ರಲ್ಲಿ ಹಾವೇರಿ ಜಿಲ್ಲೆ ಆಗುವವರೆಗೆ ಇವೆಲ್ಲ ಧಾರವಾಡ ಜಿಲ್ಲೆಯ ಊರುಗಳೇ. ಸವಣೂರ ಮುತ್ತಿಗೆಯ ಪಾಠ ಮಾಡುವಾಗ ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರ, ಅಷ್ಟುದ್ದದ ಬಂದೂಕ ಕೈಯಾಗ ಹೆಂಗ ಹಿಡೀತಿದ್ರು? ಕೈ ನಡುಗೂದಿಲ್ಲೇನು?" ಎಂದು ಕೇಳಿದಳು. ಪಠ್ಯಪುಸ್ತಕದಲ್ಲಿ ಯಾರು ಗೆದ್ದರು, ಯಾರು ಸೋತರು, ಎಷ್ಟು ಕಪ್ಪ ಕೊಟ್ಟರು ಎಂಬುದೆಲ್ಲ ಇದೆ. ಕೈ ನಡುಗಿದ ಸುದ್ದಿ ಇಲ್ಲ. ಆ ಹುಡುಗಿಯ ಪ್ರಶ್ನೆ ನನ್ನನ್ನು ನಮ್ಮ ಅಮ್ಮನ ಹೊಲಿಗೆಯ ಹತ್ತಿರ ಕರೆದುಕೊಂಡು ಹೋಯಿತು. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಹಿಂದಿನಿಂದ ಬರಬೇಕು.

ಕೈ ನಡುಗುತ್ತಿತ್ತು, ಖಂಡಿತ ನಡುಗುತ್ತಿತ್ತು. ಹಳೆಯ ಬಂದೂಕು ಬತ್ತಿಯದು. ಹೊತ್ತಿಸಿದ ಬತ್ತಿಯ ಹಗ್ಗ ಬಾಗಿ ಮದ್ದಿಗೆ ತಾಗಬೇಕು, ಕಿವಿಯ ಹತ್ತಿರದ ಮದ್ದು ಭುಗಿಲೆನ್ನಬೇಕು, ಆಮೇಲೆ ನಳಿಗೆಯೊಳಗಿನ ಮದ್ದು ಹೊತ್ತಬೇಕು. ಅಷ್ಟರವರೆಗೆ ಗುರಿ ಕದಲಬಾರದು. ಯೂರೋಪಿನ ಹದಿನಾರನೆಯ ಶತಮಾನದ ಸಿಪಾಯಿಗಳು ಇದಕ್ಕಾಗಿಯೇ ತುದಿಯಲ್ಲಿ ಕವಲಿರುವ ಒಂದು ಕೋಲನ್ನು ಬಂದೂಕಿನ ಜೊತೆಗೆ ಹೊತ್ತು ನಡೆಯುತ್ತಿದ್ದರು. ಆ ಕವಲಿನಲ್ಲಿ ನಳಿಗೆ ಇಟ್ಟು ಹಾರಿಸುವುದು. ನಮ್ಮಲ್ಲೂ ಕೆಲವು ಬಂದೂಕುಗಳಿಗೆ ಎರಡು ಕಾಲು ಕಟ್ಟಿರುತ್ತಿದ್ದರು.

ನೂರಜಹಾನಳ ಬೇಟೆಯ ಕಥೆ ನಿಮಗೆ ಗೊತ್ತಿರಬಹುದು. ೧೬೧೭ರಲ್ಲಿ ಆರು ಗುಂಡಿನಲ್ಲಿ ನಾಲ್ಕು ಹುಲಿ ಕೆಡವಿದಳು. ೧೬೧೯ರಲ್ಲಿ ಮಥುರೆಯ ಹತ್ತಿರ ಆನೆಯ ಅಂಬಾರಿಯ ಮೇಲಿಂದ ಒಂದೇ ಗುಂಡಿಗೆ ಒಂದು ಹುಲಿಯನ್ನು ಹೊಡೆದಳು. ಅವಳ ಗಂಡ ಜಹಾಂಗೀರ ಇದನ್ನು ತನ್ನ ದಿನಚರಿಯಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದಾನೆ. ನನಗೆ ಅದರಲ್ಲಿ ಹಿಡಿಸಿದ್ದು ಹುಲಿಯಲ್ಲ, ಅವನು ಕೊಡುವ ಕಾರಣ. ಹುಲಿಯ ವಾಸನೆ ಹತ್ತಿದ ಆನೆ ಒಂದೆಡೆ ನಿಲ್ಲುವುದಿಲ್ಲ, ಅಲ್ಲಾಡುವ ಆನೆಯ ಮೇಲಿಂದ ಗುರಿ ಹಿಡಿಯುವುದು ಬಹಳ ಕಷ್ಟ, ತನ್ನನ್ನು ಬಿಟ್ಟರೆ ಸರಿಗಟ್ಟುವವರಿಲ್ಲದ ಮಿರ್ಜಾ ರುಸ್ತುಮನೇ ಆನೆಯ ಮೇಲಿಂದ ಮೂರು ನಾಲ್ಕು ಸಲ ತಪ್ಪಿದ್ದಾನೆ ಎನ್ನುತ್ತಾನೆ. ಗುರಿ ಹಿಡಿದವರ ಕೈಗಿಂತ ಕೆಳಗಿನ ನೆಲೆಯೇ ದೊಡ್ಡದು ಎಂಬುದು ಬಾದಶಹನಿಗೂ ತಿಳಿದಿತ್ತು. ಅಬುಲ್ ಹಸನ್ ಎಂಬ ಚಿತ್ರಕಾರ ಬಂದೂಕು ಹಿಡಿದು ನಿಂತ ನೂರಜಹಾನಳನ್ನು ಬರೆದಿದ್ದಾನೆ. ಆ ಚಿತ್ರ ರಾಂಪುರದ ಗ್ರಂಥಾಲಯದಲ್ಲಿದೆ.

ನಮ್ಮ ನಾಡಿನಲ್ಲಿ ಬೇಟೆಯ ಲೆಕ್ಕ ಇಟ್ಟವರು ಬಂದೂಕಿಗಿಂತ ಎಷ್ಟೋ ಹಿಂದಿನವರು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅಡುಗೆಗೆ ಒಂದು ಭಾಗವಿದ್ದಂತೆ ಬೇಟೆಗೂ ಒಂದು ಭಾಗವಿದೆ. ಹಂದಿ ಬೇಟೆಯಲ್ಲಿ ಸತ್ತ ನಾಯಿಗೆ ಶಿಲಾಶಾಸನವೇ ಆಯಿತು. ಮಂಡ್ಯದ ಕಡೆಯ ಆತಕೂರಿನಲ್ಲಿ, ಹತ್ತನೆಯ ಶತಮಾನದ ನಡುವಿನಲ್ಲಿ, ಕಾಳಿ ಎಂಬ ಆ ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದರು. ಸಾವಿರ ವರ್ಷದ ಮೇಲೂ ನಾವು ಆ ಹೆಸರನ್ನು ಓದುತ್ತೇವೆ. ಕಾಳಿಗೆ ದಿನವೂ ಅಂಬಲಿ ಹುಯ್ದವಳ ಹೆಸರು ಕಲ್ಲಿನಲ್ಲಿಲ್ಲ, ಇರಲಿ.

ಹಾನಗಲ್ಲಿನವರು ತಮ್ಮೂರನ್ನು ವಿರಾಟನಗರ ಎಂದು ನಂಬುತ್ತಾರೆ. ಶಾಸನಗಳಲ್ಲಿ ಇದರ ಹೆಸರು ಪಾನುಂಗಲ್ಲು. ಪಾಂಡವರು ಅಜ್ಞಾತವಾಸಕ್ಕೆ ಬಂದಾಗ ಆಯುಧಗಳನ್ನು ಗಂಟು ಕಟ್ಟಿ, ಹೆಣದಂತೆ ಕಾಣುವ ಹಾಗೆ ಮಾಡಿ, ಬನ್ನಿಯ ಮರಕ್ಕೆ ತೂಗುಹಾಕಿದರಂತೆ. ನಾವು ಬನ್ನಿ ಕೊಟ್ಟು ಬಂಗಾರ ಎನ್ನುವಾಗ ನಮ್ಮ ಅಮ್ಮ ಒಂದು ಮಾತು ಸೇರಿಸುತ್ತಿದ್ದಳು: "ಆ ಗಂಟ ಕಟ್ಟಿದಾಕಿ ದ್ರೌಪದಿನ ಇರಬೇಕ ನೋಡು. ಗಂಡಸರು ಕಟ್ಟಿದ ಗಂಟ ವರ್ಷ ನಿಲ್ಲಾಂಗಿಲ್ಲ." ಭಾರತದಲ್ಲಿ ಹಾಗೆ ಹೇಳಿಲ್ಲ. ಆದರೂ ದಸರೆ ಬಂದಾಗ ನನಗೆ ನೆನಪಾಗುವುದು ಅಮ್ಮನ ಈ ಭಾರತವೇ.

ಇನ್ನು ಸವಣೂರಿಗೆ ಬರೋಣ. ಹಾನಗಲ್ಲಿನಿಂದ ಅಲ್ಲಿಗೆ ಹೋದವರಿಗೆ ಮೊದಲು ಅನಿಸುವುದು ಆಕಾಶ ದೊಡ್ಡದಾಯಿತೆಂದು. ಎರೆಭೂಮಿ, ಹತ್ತಿ, ಜೋಳ, ಕಡಲೆ. ಮರೆಗೆ ಒಂದು ಗಿಡ ಸಿಗುವುದು ಕಷ್ಟ. ಇಲ್ಲಿಯ ನವಾಬರು ಮೊದಲು ಬಂಕಾಪುರದಲ್ಲಿದ್ದು ಆಮೇಲೆ ಸವಣೂರಿಗೆ ಬಂದ ಪಠಾಣರು. ೧೭೫೬ರಲ್ಲಿ ಪೇಶ್ವೆ ಬಾಳಾಜಿ ಬಾಜಿರಾವ್ ಮುತ್ತಿಗೆ ಹಾಕಿದಾಗ ಫ್ರೆಂಚರ ಬುಸ್ಸಿಯ ತೋಪುಗಳು ಇಲ್ಲಿ ಮೊಳಗಿದವು. ೧೭೮೬ರಲ್ಲಿ ಟೀಪೂ ಬಂದಾಗ ನವಾಬ ಅಬ್ದುಲ್ ಹಕೀಮ್ ಖಾನ ಊರು ಬಿಟ್ಟು ಮರಾಠರ ಕಡೆ ಹೋದ. ಈ ಯುದ್ಧಗಳನ್ನು ಪಾಠದಲ್ಲಿ ಹೇಳುತ್ತೇವೆ. ಯುದ್ಧವಿಲ್ಲದ ವರ್ಷಗಳಲ್ಲಿ ಈ ಬಯಲಿನಲ್ಲಿ ಓಡಾಡುತ್ತಿದ್ದದ್ದು ಚಿಗರಿಯ ಹಿಂಡು, ಅದರ ಹಿಂದೆ ತೋಳ, ತೋಳದ ಹಿಂದೆ ಶಿಕಾರಿಯವರು.

ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಸಾಹೇಬ, ೧೮೨೪ರಲ್ಲಿ ಕಿತ್ತೂರಿನಲ್ಲಿ ಸೆರೆ ಸಿಕ್ಕಿದ್ದ ಎಲಿಯಟ್ಟನೇ ಈತ, ೧೮೩೯ರಲ್ಲಿ ಈ ಸೀಮೆಯ ಪ್ರಾಣಿಗಳ ಒಂದು ಪಟ್ಟಿ ಪ್ರಕಟಿಸಿದ. ಸ್ವತಃ ಬೇಟೆಗಾರ. ಒಳ್ಳೆಯದೆಂದರೆ ಪ್ರಾಣಿಗಳ ಕನ್ನಡ ಹೆಸರನ್ನು ಕೇಳಿ ಕೇಳಿ ಬರೆದುಕೊಂಡ. ಹೊಲದ ಇಲಿಯೊಂದಕ್ಕೆ ನಮ್ಮ ವಡ್ಡರು ಕರೆಯುತ್ತಿದ್ದ ಮೆಟ್ಟಡೆ ಎಂಬ ಹೆಸರೇ ಸ್ವಲ್ಪ ತಿರುಚಿಕೊಂಡು ಅದರ ಶಾಸ್ತ್ರೀಯ ಹೆಸರಿನಲ್ಲಿ ಇಂದಿಗೂ ಇದೆ.

ಬಯಲಿನಲ್ಲಿ ಚಿಗರಿಯ ಹತ್ತಿರ ಹೋಗುವುದು ಸುಲಭವಲ್ಲ. ಮನುಷ್ಯನನ್ನು ಕಂಡರೆ ಜಿಗಿದು ಹೋಗುವ ಚಿಗರಿ ಎತ್ತಿಗೆ, ಚಕ್ಕಡಿಗೆ ಬೆದರುವುದಿಲ್ಲ. ಹೀಗಾಗಿ ಬೇಟೆಗಾರರು ಎತ್ತಿನ ಮರೆಯಲ್ಲಿ ನಡೆಯುತ್ತಿದ್ದರು, ಇಲ್ಲವೆ ಚಕ್ಕಡಿಯಲ್ಲಿ ಕೂತು ಸುತ್ತು ಹಾಕುತ್ತ ಹತ್ತಿರವಾಗುತ್ತಿದ್ದರು. ಸವಣೂರಿನಲ್ಲಿ ನಮ್ಮ ಮನೆಯ ಹಿಂದಿದ್ದ ಮುದುಕರೊಬ್ಬರು ತರುಣರಾಗಿದ್ದಾಗ ಇಂಥ ಬೇಟೆಗೆ ಹೋದವರು. ಬಂದೂಕು ಇಡಲು ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ ನಕ್ಕರು. "ಖಾಲಿ ಚೀಲ ಒಯ್ಯೂದ್ರಿ ಅಕ್ಕೋರ. ಬೇಕಾದಲ್ಲಿ ಎರಿಮಣ್ಣ ತುಂಬಿ ಬಾಯಿ ಕಟ್ಟೂದು, ಕೆಲಸ ಆದ ಮ್ಯಾಲೆ ಸುರುವಿ ಬರೂದು. ಮಣ್ಣ ಯಾರ ಹೊರತಾರ?" ಇದೊಂದು ಜಾಣತನ. ಹಗುರವಾಗಿ ಹೋಗಿ, ಭಾರವನ್ನು ಅಲ್ಲಿಯೇ ಸಂಪಾದಿಸುವುದು. ಆದರೆ ಎರೆಮಣ್ಣು ಬೇಸಿಗೆಯಲ್ಲಿ ಹೆಂಟೆ, ಮಳೆಯಲ್ಲಿ ಮುದ್ದೆ. ವರ್ಷದ ನಾಲ್ಕು ತಿಂಗಳು ಮಾತ್ರ ಈ ಉಪಾಯ ನಡೆದೀತು.

ಸಿವಂಗಿಯನ್ನು ಪಳಗಿಸಿ ಚಿಗರಿಯ ಮೇಲೆ ಬಿಡುವ ಬೇಟೆಗೆ ಬಂದೂಕೂ ಬೇಡ, ಚೀಲವೂ ಬೇಡ. ಕೊಲ್ಲಾಪುರದ ಸಂಸ್ಥಾನದವರು ಇಪ್ಪತ್ತನೆಯ ಶತಮಾನದಲ್ಲೂ ಸಿವಂಗಿ ಸಾಕಿದ್ದರು. ೧೯೫೨ರಲ್ಲಿ ಆ ಪ್ರಾಣಿ ನಮ್ಮ ದೇಶದಿಂದ ಅಳಿಯಿತೆಂದು ಸರಕಾರವೇ ಹೇಳಿತು.

ಬಂದೂಕು ಯಾರ ಕೈಯಲ್ಲಿರಬೇಕು ಎಂಬ ಜಗಳ ಶುರುವಾದದ್ದು ೧೮೫೭ರಲ್ಲಿ. ಹತ್ತನೆಯ ಇಯತ್ತೆಯ ಕನ್ನಡ ಪುಸ್ತಕದಲ್ಲಿ ಹಲಗಲಿ ಬೇಡರ ಲಾವಣಿಯನ್ನು ಮಕ್ಕಳು ಓದಿದ್ದಾರೆ. ಮುಧೋಳದ ಹತ್ತಿರದ ಆ ಹಳ್ಳಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ನಿಂತರು. ನವೆಂಬರಿನಲ್ಲಿ ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೆ ಹಾಕಿದರು. ಆಮೇಲೆ ೧೮೭೮ರ ಆಯುಧ ಕಾಯ್ದೆ ಬಂತು. ಕೊಡವರಿಗೆ ವಿನಾಯತಿ ಸಿಕ್ಕಿತು, ಇಂದಿಗೂ ಇದೆ. ನಮ್ಮ ಕಡೆಯವರಿಗೆ ಸಿಗಲಿಲ್ಲ. ಹರಣಶಿಕಾರಿಗಳ ಪಾಡಂತೂ ಕೇಳುವುದೇ ಬೇಡ. ಬಲೆ, ಉರುಲು ಹಾಕಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದ ಅವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದು ಸೆಟ್ಲಮೆಂಟಿನ ತಂತಿಯ ಬೇಲಿಯೊಳಗೆ ಹಾಕಿದರು. ಆ ಹಣೆಪಟ್ಟಿ ಕಾಗದದ ಮೇಲೆ ಅಳಿದದ್ದು ೧೯೫೨ರಲ್ಲಿ. ಅದೇ ಚಿಗರಿಯನ್ನು ಲೈಸೆನ್ಸಿನ ಬಂದೂಕಿನಿಂದ ಹೊಡೆದ ಸಾಹೇಬ ಮಾತ್ರ ಆಟಗಾರನೆನಿಸಿಕೊಂಡ. ಇದನ್ನು ಕ್ಲಾಸಿನಲ್ಲಿ ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ ಎಂದು ಮಕ್ಕಳು ದೂರುತ್ತಾರೆ.

ಸ್ವಾತಂತ್ರ್ಯದ ನಂತರ ೧೯೫೯ರಲ್ಲಿ ಹೊಸ ಆಯುಧ ಕಾಯ್ದೆಯಾಯಿತು, ೧೯೬೨ರ ಅಕ್ಟೋಬರ್ ಒಂದರಿಂದ ಜಾರಿಗೆ ಬಂತು. ಬೆಳೆ ಕಾಯುವ ರೈತನಿಗೆ ಬಾಯಿಂದ ಮದ್ದು ತುಂಬುವ ಬಂದೂಕಿನ ಲೈಸೆನ್ಸು ಕೊಡುವ ಮಾತು ಅದರಲ್ಲಿದೆ. ನಮ್ಮ ಅಜ್ಜನ ಬಂದೂಕು ಅಂಥದು. ಮದ್ದು ಹಾಕಿ, ಚಿಂದಿ ತುರುಕಿ, ಗುಂಡು ಹಾಕಿ, ಗಜದಿಂದ ಗಟ್ಟಿಸಿ, ಕೇಪು ಇಟ್ಟರೆ ಒಂದು ಈಡು. ಎರಡನೆಯ ಈಡಿಗೆ ಮತ್ತೆ ಮೊದಲಿನಿಂದ ಎಲ್ಲ ಆಗಬೇಕು. ಅಷ್ಟರಲ್ಲಿ ಹಂದಿ ಮುಂಡಗೋಡದ ಸರಹದ್ದು ದಾಟಿರುತ್ತದೆ.

ನಮ್ಮ ಮನೆಯಲ್ಲಿ ಮಾಂಸ ಬೇಯಿಸುವವರಲ್ಲ. ಅಜ್ಜ ಹಂದಿ ಹೊಡೆದದ್ದು ಭತ್ತಕ್ಕಾಗಿ. ಹಾನಗಲ್ಲ ತಾಲೂಕಿನ ಪಡುವಣ ಅಂಚು ಅರ್ಧ ಮಲೆನಾಡು. ಕೆರೆಯ ಕೆಳಗೆ ಗದ್ದೆ, ಗದ್ದೆಯ ಆಚೆ ಕಾಡು. ತೆನೆ ಹಾಲು ತುಂಬುವ ಹೊತ್ತಿಗೆ ಹಂದಿಯ ಹಿಂಡು ಇಳಿದರೆ ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ಕೆಸರಾಗುತ್ತದೆ. ಗದ್ದೆಯಲ್ಲಿ ನಾಲ್ಕು ಕಂಬದ ಮೇಲೆ ಮಂಚಿಗೆ ಕಟ್ಟಿ, ಕಂಬಳಿ ಹೊದ್ದು ರಾತ್ರಿಯೆಲ್ಲ ಕೂಡುತ್ತಿದ್ದ. ಸತ್ತ ಹಂದಿಯನ್ನು ತಿನ್ನುವವರು ಬಂದು ಬೊಂಬಿಗೆ ಕಟ್ಟಿ ಹೊತ್ತೊಯ್ಯುತ್ತಿದ್ದರು. ಆ ದಿನ ಅಜ್ಜನಿಗೆ ಹಿತ್ತಲಲ್ಲೇ ಸ್ನಾನ.

ನಾನು ಹುಟ್ಟುವ ಎಷ್ಟೋ ವರ್ಷ ಮೊದಲು ಹತ್ತಿರದ ಒಂದು ಊರಿನಲ್ಲಿ ಒಂದು ಘಟನೆ ನಡೆಯಿತು. ಊರಿನ ಹೆಸರು ಬೇಡ. ಕೋಳಿ ಕೂಗುವ ಮೊದಲೇ ಚೆಂಬು ಹಿಡಿದು ಬಯಲಿಗೆ ಹೋದ ಹೆಂಗಸಿನ ತೊಡೆಗೆ ಮಂಚಿಗೆಯ ಮೇಲಿದ್ದವನ ಚರೆ ಬಡಿಯಿತು. ಪೊದೆ ಅಲುಗಿತು, ಹಂದಿ ಅಂದುಕೊಂಡೆ, ಮಸುಕಿನಲ್ಲಿ ಕಾಣಲಿಲ್ಲ ಎಂದ. ಹಿರಿಯರು ಕೂತು ಒಂದು ಎಮ್ಮೆ ಕೊಡಿಸಿ ಮುಗಿಸಿದರು. ಅವಳು ಬದುಕಿದಳು, ಕುಂಟುತ್ತ ಬದುಕಿದಳು. ಈಗ ಮನೆಯಲ್ಲೇ ಎಲ್ಲ ಅನುಕೂಲ ಇರುವ ನಮಗೆ ಇದು ಹೊಳೆಯುವುದಿಲ್ಲ. ಆ ಕಾಲದ ಹೆಂಗಸರಿಗೆ ಕತ್ತಲೆಯಲ್ಲಿ ಮಾತ್ರ ಮರ್ಯಾದೆ ಇತ್ತು, ಬಂದೂಕಿನವರೂ ಎಚ್ಚರಿರುತ್ತಿದ್ದದ್ದು ಕತ್ತಲೆಯಲ್ಲೇ.

ಈ ಸುದ್ದಿ ಬಂದ ದಿನ ಅಮ್ಮ ಅಜ್ಜನಿಗೆ ಹೇಳಿದ ಮಾತನ್ನು ಅವ್ವ ನನಗೆ ಹಲವು ಸಲ ಹೇಳಿದ್ದಾಳೆ. "ಹೊಡೀಬ್ಯಾಡ್ರಿ ಅಂದ್ರ ನನ್ನ ಮಾತು ನಡಿಯಾಂಗಿಲ್ಲ. ಎತ್ತಲಾಗ ಹೊಡೀಬೇಕು ಅನ್ನೂದನ್ನ ನಾ ಹೊಲಿದ ಕೊಡತೀನಿ. ಅದರ ಮ್ಯಾಲೆ ಇಟ್ಟರ ಬಂದೂಕ, ಇಲ್ಲಂದ್ರ ಇಲ್ಲ." ಅಜ್ಜ ಏನು ಉತ್ತರ ಕೊಟ್ಟನೋ ಅವ್ವನಿಗೆ ನೆನಪಿಲ್ಲ. ಅಮ್ಮ ಹೊಲಿಯಲು ಕೂತದ್ದು ನೆನಪಿದೆ.

ಹರಿದ ಕೌದಿಯ ಗಟ್ಟಿ ಭಾಗ ಕತ್ತರಿಸಿ ಮೊಳದುದ್ದದ ಒಂದು ಚೀಲ ಮಾಡಿದಳು. ನಡುವೆ ಆಳವಾದ ಒಂದು ಕಾಲುವೆ, ಎರಡು ಬದಿಗೆ ದಿಂಡು. ನಾಲ್ಕು ಮೂಲೆಗೆ ನಾಲ್ಕು ಹುರಿ. ಆ ಹುರಿಗಳಿಂದ ಮಂಚಿಗೆಯ ಮುಂದಿನ ಬೊಂಬಿಗೆ ಬಿಗಿದು ಕಟ್ಟಬೇಕು. ಮಂಚಿಗೆಯ ಮುಂದೆ ಹಂದಿ ಇಳಿಯುವ ಹಳ್ಳ, ಬಲಕ್ಕೆ ಹೆಂಗಸರು ಬರುವ ದಾರಿ. ಬಂದೂಕನ್ನು ಕಾಲುವೆಯಲ್ಲಿಟ್ಟರೆ ಅದು ಹಳ್ಳವನ್ನಷ್ಟೇ ನೋಡುತ್ತದೆ. ಬಲಕ್ಕೆ ತಿರುಗಿಸಲು ಹೋದರೆ ದಿಂಡು ತಡೆಯುತ್ತದೆ. ಬಂದೂಕು ಎತ್ತಿ ಹೊಡೆಯಬಹುದಲ್ಲ ಎಂದು ನೀವು ಕೇಳಬಹುದು. ಹೊಡೆಯಬಹುದಿತ್ತು. ಎತ್ತಲು ಒಂದು ಗಳಿಗೆ ಬೇಕು, ಆ ಗಳಿಗೆಯಲ್ಲಿ ಕಣ್ಣು ಕೆಲಸ ಮಾಡುತ್ತದೆ ಎಂಬುದು ಅವಳ ಲೆಕ್ಕ. ಕೈಯಲ್ಲಿ ಬಂದೂಕಿನ ಭಾರ ಹೊತ್ತು ಕೂತವನಿಗೆ ಬೇಗ ಹೊಡೆದು ಇಳಿಸುವ ಅವಸರ. ಭಾರ ಚೀಲದ ಮೇಲಿದ್ದರೆ ನೋಡಲು ಪುರಸೊತ್ತು ಸಿಗುತ್ತದೆ.

ಒಳಗೆ ಏನು ತುಂಬುವುದು ಎಂಬುದಕ್ಕೆ ಒಂದು ಸುಗ್ಗಿಯೇ ಹಿಡಿಯಿತು. ಮೊದಲು ವರದಾ ಹೊಳೆಯ ಮರಳು ತುಂಬಿದಳು. ಬಂದೂಕು ಕಲ್ಲಿನ ಹಾಗೆ ಕೂತಿತು. ಆದರೆ ಊರಿಂದ ಗದ್ದೆಗೆ ಮುಕ್ಕಾಲು ಹರದಾರಿ. ಬಂದೂಕು, ಮದ್ದಿನ ಕೊಂಬು, ಕಂಬಳಿ, ಕಂದೀಲು, ಬುತ್ತಿ, ಅದರ ಮೇಲೆ ಮರಳು! ಎರಡನೆಯ ದಿನವೇ ಅಜ್ಜ ಚೀಲವನ್ನು ದಾರಿಯಲ್ಲಿ ಬಿಟ್ಟು ಹೋದ. ಸರಿ, ಮರಳು ಸುರುವಿ ಭತ್ತದ ಹೊಟ್ಟು ತುಂಬಿದಳು. ಒಂದು ಅಳತೆ ಮರಳು ತೂಗುವ ಹತ್ತನೆಯ ಒಂದು ಪಾಲೂ ಹೊಟ್ಟು ತೂಗುವುದಿಲ್ಲ. ಹಗುರವೇನೋ ಆಯಿತು, ಆದರೆ ಬಂದೂಕು ಸರಿದರೆ ಸಾಕು ಸರಸರ ಸದ್ದು. ಹಂದಿಯ ಕಣ್ಣು ಮಂದ, ಕಿವಿ ಚುರುಕು. ಜೊತೆಗೆ ಮಲೆನಾಡಿನ ಇಬ್ಬನಿಗೆ ಹೊಟ್ಟು ನೆನೆದು ಬೂಸರು ಬಂತು. ಆಮೇಲೆ ಬೂರುಗದ ಹತ್ತಿ. ಅದು ನೀರು ಹೀರುವುದಿಲ್ಲ, ಸದ್ದೂ ಇಲ್ಲ, ಹೂವಿನಷ್ಟು ಹಗುರ. ಆದರೆ ಮೆತ್ತಗೆ ಕುಸಿದು ಮತ್ತೆ ಪುಟಿಯುತ್ತದೆ, ಮೇಲಿಟ್ಟದ್ದು ನೆಲೆ ನಿಲ್ಲುವುದಿಲ್ಲ.

ಕೊನೆಗೆ ಅವಳು ಮಾಡಿದ್ದು ಇದು. ಒಳಗೊಂದು ಬಿಗಿ ನೇಯ್ಗೆಯ ಸಣ್ಣ ಚೀಲ, ಅದರಲ್ಲಿ ಒಣಗಿಸಿದ ನವಣೆಯ ಹೊಟ್ಟು. ಅದರ ಸುತ್ತ ಬೂರುಗದ ಹತ್ತಿಯ ಒಂದು ಪದರು. ಮೇಲೆ ಕೌದಿ, ಕೌದಿಗೆ ಜೇನುಮೇಣದ ಉಜ್ಜು. ಹೊಟ್ಟು ಗಟ್ಟಿತನ ಕೊಟ್ಟಿತು, ಹತ್ತಿ ಸದ್ದನ್ನೂ ತೇವವನ್ನೂ ತಡೆಯಿತು. ಒಂದು ಸೇರು ಜೋಳದಷ್ಟೂ ತೂಕವಿಲ್ಲ. ಬಾಯಿ ಹೊಲಿಯುವಾಗ ಮುಕ್ಕಾಲು ಪಾಲಿಗೆ ನಿಲ್ಲಿಸಿದಳು. "ಪೂರಾ ತುಂಬಿದರ ಕುಂಬಳಕಾಯಿ ಆಗತೈತಿ, ಮ್ಯಾಲ ಇಟ್ಟದ್ದು ಉರಳತೈತಿ" ಎಂದು ಕಾರಣ. ಬಂದೂಕಿನ ಹಿಂಬದಿಯ ಮರದ ಕೆಳಗೆ ಇಡಲು ಇನ್ನೊಂದು, ಅಂಗೈಯಗಲದ ಚೀಲ. ಅದಕ್ಕೆ ತುಂಬಿದ್ದು ಸಾಸಿವೆ. ಹಸುಗೂಸಿನ ತಲೆ ದುಂಡಗಾಗಲೆಂದು ಸಾಸಿವೆಯ ದಿಂಬು ಮಾಡುತ್ತೇವಲ್ಲ, ಅದೇ. ಕಾಳು ಸಣ್ಣದು, ನುಣುಪು. ಹಿಚುಕಿದಂತೆ ಸರಿಯುತ್ತದೆ, ಬಿಟ್ಟಂತೆ ನಿಲ್ಲುತ್ತದೆ. ಹಿಂಬದಿ ಅರ್ಧ ಬೆರಳು ಏರಬೇಕಾದರೆ ಆ ಚೀಲವನ್ನು ಮುಷ್ಟಿಯಲ್ಲಿ ಹಿಚುಕಿದರೆ ಸಾಕು.

ಅಜ್ಜನಿಗೆ ಇದರಿಂದ ನಷ್ಟವೂ ಆಯಿತು, ಮುಚ್ಚಿಡಬಾರದು. ಹಂದಿಗಳೇನು ಹಳ್ಳದಿಂದಲೇ ಬರುತ್ತೇವೆಂದು ಮಾತು ಕೊಟ್ಟಿರಲಿಲ್ಲ. ಬಲದಿಂದ ಇಳಿದ ರಾತ್ರಿ ಅವನು ಡಬ್ಬಿ ಬಾರಿಸಿ ಕೂಗುವುದಷ್ಟೇ. ಬೆಳಿಗ್ಗೆ ಕೆಸರು ಗದ್ದೆ ನೋಡಿ ಬಂದು ಗೊಣಗುತ್ತಿದ್ದ. "ಭತ್ತ ಬರೂ ಸುಗ್ಗಿಗೆ ಬರತೈತಿ" ಎನ್ನುತ್ತ ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ಆ ವರ್ಷಗಳಲ್ಲಿ ಸಾಲ ಎಷ್ಟಾಯಿತೆಂದು ಅವ್ವ ಹೇಳಿದ್ದುಂಟು, ಸಣ್ಣ ಮೊತ್ತವಲ್ಲ.

ಈ ಹೊಲಿಗೆಯ ಜಾಣತನ ನನಗೆ ಪೂರ್ತಿ ಅರ್ಥವಾದದ್ದು ಬಹಳ ತಡವಾಗಿ, ಎನ್.ಸಿ.ಸಿ. ಹುಡುಗಿಯರನ್ನು ಫೈರಿಂಗಿಗೆ ಕರೆದುಕೊಂಡು ಹೋದಾಗ. ಎನ್.ಸಿ.ಸಿ. ಶುರುವಾದದ್ದು ೧೯೪೮ರಲ್ಲಿ, ಮರುವರ್ಷವೇ ಹುಡುಗಿಯರಿಗೂ ಅವಕಾಶವಾಯಿತು. ೨೫ ಗಜದ ದೂರದಲ್ಲಿ ಗುರಿಹಲಗೆ, ನೆಲದ ಮೇಲೆ ಬೋರಲಾಗಿ ಮಲಗಿದ ನಮ್ಮ ಹುಡುಗಿಯರು, ಮುಂದೆ ಮರಳಿನ ಚೀಲ. ಮೊದಲ ಹುಡುಗಿ ಚೀಲವನ್ನು ನಳಿಗೆಯ ಕೆಳಗೆ ಸರಿಸಿಕೊಂಡಳು. ಹವಾಲ್ದಾರರು ಬಂದು ಅದನ್ನು ಹಿಂದಕ್ಕೆ, ಮುಂಗೈ ಹಿಡಿಯುವ ಮರದ ಭಾಗದ ಕೆಳಗೆ ತಂದಿಟ್ಟರು. ಗುಂಡು ಹಾರುವಾಗ ನಳಿಗೆ ಅದುರುತ್ತದೆ, ಅದಕ್ಕೆ ಏನಾದರೂ ಒತ್ತಿಕೊಂಡಿದ್ದರೆ ಗುಂಡು ಗುರಿಯಿಂದ ಸರಿದುಬಿಡುತ್ತದೆ, ಮರವನ್ನೇ ಚೀಲದ ಮೇಲಿಡಬೇಕು ಎಂದರು. ಅಮ್ಮನ ಚೀಲದ ಕಾಲುವೆ ಬಂದೂಕಿನ ಮರದ ಅಗಲಕ್ಕೆ ಸರಿಯಾಗಿತ್ತು, ನಳಿಗೆಗೆ ಸಡಿಲ. ಯಾರು ಹೇಳಿಕೊಟ್ಟಿದ್ದರೋ! ಆ ದಿನ ನಮ್ಮ ಶಾಲೆಯ ಒಂಬತ್ತನೆಯ ಇಯತ್ತೆಯ ಹುಡುಗಿ ಐದು ಗುಂಡನ್ನೂ ಒಂದು ಹೋಳಿಗೆಯ ಅಗಲದಲ್ಲಿ ಕೂಡಿಸಿದಳು.

ಈಗ ಇಂಥ ಚೀಲಗಳು ಅಂಗಡಿಯಲ್ಲಿ ಬರುತ್ತವೆ. ನೈಲಾನಿನ ಬಟ್ಟೆ, ಒಳಗೆ ಸಾಬುದಾಣಿಯಂಥ ಪ್ಲಾಸ್ಟಿಕ್ ಮಣಿಗಳು. ಅಮೇರಿಕದ ಬೆಟ್ಟಗಳಲ್ಲಿ ಬೆನ್ನಿಗೆ ಗಂಟು ಕಟ್ಟಿಕೊಂಡು ದಿನಗಟ್ಟಲೆ ನಡೆದು ಬೇಟೆಯಾಡುವವರು ಗ್ರಾಂ ಲೆಕ್ಕದಲ್ಲಿ ತೂಗಿ ಇವನ್ನು ಆರಿಸುತ್ತಾರಂತೆ. ಮರಳು ತುಂಬಿದರೆ ಸ್ಥಿರ, ಆದರೆ ಭಾರ. ಮಣಿ ತುಂಬಿದರೆ ಹಗುರ, ಆದರೆ ಮೆತ್ತಗೆ. ತೊಯ್ದರೆ ಏನು, ಸದ್ದಾದರೆ ಏನು ಎಂದು ಅವರಲ್ಲೂ ಇದೇ ಚರ್ಚೆ. ನಮ್ಮ ದೇಶದಲ್ಲಿ ಗುರಿ ಅಭ್ಯಾಸದ ಮೈದಾನದಲ್ಲಷ್ಟೇ ಇವಕ್ಕೆ ಕೆಲಸ.

ಏಕೆಂದರೆ ನಮ್ಮಲ್ಲಿ ಬೇಟೆಯ ಕಾಲ ಮುಗಿದಿದೆ. ೧೯೭೨ರ ವನ್ಯಜೀವಿ ಕಾಯ್ದೆ ಮೊದಮೊದಲು ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸಿನ ದಾರಿ ಇಟ್ಟಿತ್ತು. ೧೯೯೧ರ ತಿದ್ದುಪಡಿ ಅದನ್ನೂ ಮುಚ್ಚಿತು. ೧೯೭೪ರಲ್ಲಿ ರಾಣೇಬೆನ್ನೂರಿನ ಹತ್ತಿರ ೧೧೯ ಚದರ ಕಿಲೋಮೀಟರು ನೆಲ ಚಿಗರಿಗಳಿಗೆ ಮೀಸಲಾಯಿತು. ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯೊಳಗೆ ಖಿಲಾರಿ ದನಗಳ ಕೇಂದ್ರವಿದೆ. ದನಗಳಿಗೆಂದು ಬಿಟ್ಟ ಹುಲ್ಲು, ಗಿಡಗಂಟಿಗಳಲ್ಲಿ ನವಿಲು ತುಂಬಿಕೊಂಡವು, ೨೦೦೬ರಲ್ಲಿ ಅದು ನವಿಲುಧಾಮವೂ ಆಯಿತು. ನಾನು ಅಲ್ಲಿದ್ದಾಗ ಮಕ್ಕಳನ್ನು ಮುಂಜಾನೆ ಕರೆದುಕೊಂಡು ಹೋಗುತ್ತಿದ್ದೆ. ತೋಪು ನಿಂತ ಕೊತ್ತಳದ ಮೇಲೆ ನವಿಲು ಕೂತು ಕೂಗುವುದನ್ನು ಕೇಳಬೇಕು ನೀವು. ಹಿರೇಕೆರೂರಿನಿಂದ ಬಸ್ಸು ಹತ್ತಿದರೆ ಮುಂದಿನ ತಾಲೂಕು ಶಿಕಾರಿಪುರ. ಹೈದರನೋ ಟೀಪುವೋ ಇಲ್ಲಿ ಹೇರಳ ಬೇಟೆ ಸಿಕ್ಕಿತೆಂದು ಇಟ್ಟ ಹೆಸರು ಎನ್ನುತ್ತಾರೆ. ಅಲ್ಲಿಗೆ ಮದುವೆಯಾಗಿ ಹೋದ ನಮ್ಮ ಸಹೋದ್ಯೋಗಿ ಹುಡುಗಿ, ಊರಿನ ಹೆಸರಲ್ಲಿ ಮಾತ್ರ ಶಿಕಾರಿ ಉಳಿದಿದೆ, ಮಾವನ ಮನೆಯ ಗೋವಿನಜೋಳಕ್ಕೆ ಹಂದಿಯ ಕಾಟ ಹೇಳತೀರದು ಎನ್ನುತ್ತಾಳೆ. ಹಂದಿಯನ್ನು ಹೊಡೆಯಬೇಕಾದರೆ ಕಾಯ್ದೆಯ ೧೧ನೆಯ ಕಲಮಿನಂತೆ ಇಲಾಖೆಯ ಅಪ್ಪಣೆ ಬೇಕು. ಬಹಳ ಜನ ರೈತರು ಹೊಲದ ಸುತ್ತ ಹಳೆಯ ಸೀರೆ ಕಟ್ಟುತ್ತಾರೆ. ಕೆಲವರು ಬೇಲಿಗೆ ಕರೆಂಟು ಕೊಡುತ್ತಾರೆ. ಆ ತಂತಿಗೆ ಹಂದಿ ಯಾವುದು, ಹುಲ್ಲಿಗೆ ಬಂದ ಹೆಂಗಸು ಯಾರು ಎಂದು ತಿಳಿಯುವುದಿಲ್ಲ. ಆ ಬೇಲಿಗಳ ಸುದ್ದಿ ಓದಿದಾಗಲೆಲ್ಲ ನನಗೆ ಅಮ್ಮನ ಚೀಲದ ದಿಂಡು ಕಣ್ಣಿಗೆ ಕಟ್ಟುತ್ತದೆ.

ಚುನಾವಣೆ ಬಂದಾಗಲೆಲ್ಲ ಅಜ್ಜ ಬಂದೂಕನ್ನು ಠಾಣೆಗೆ ಒಯ್ದಿಟ್ಟು ಮುಗಿದ ಮೇಲೆ ತರುತ್ತಿದ್ದ. ೧೯೮೯ರಲ್ಲಿ ಅವನು ತೀರಿಕೊಂಡ ಮೇಲೆ ಮಾವ ಅದನ್ನು ಕಾಯಂ ಆಗಿ ಒಪ್ಪಿಸಿ ರಸೀದಿ ತಂದ. ನಂಬರು, ನಳಿಗೆಯ ಉದ್ದ, ಗಜ ಒಂದು ಎಂದು ಬರೆದಿತ್ತು. ಚೀಲಗಳನ್ನು ಯಾರೂ ಕೇಳಲಿಲ್ಲ. ದೊಡ್ಡದನ್ನು ಬಿಚ್ಚಿ ಅಮ್ಮ ಬೂರುಗದ ಹತ್ತಿಯನ್ನು ಬಿಸಿಲಿಗೆ ಹಾಕಿ ಬೇರೆ ದಿಂಬಿಗೆ ತುಂಬಿದಳು. ಸಾಸಿವೆಯ ಸಣ್ಣ ಚೀಲ ಗೂಡಿನಲ್ಲೇ ಉಳಿದಿತ್ತು. ೧೯೯೮ರಲ್ಲಿ ನನ್ನ ಮಗಳು ಹುಟ್ಟಿದಾಗ ಅಮ್ಮ ಅದನ್ನು ಹೊರಗೆ ತೆಗೆದು, ಅದೇ ಅಳತೆಗೆ ಹೊಸ ಮಲಮಲ್ಲು ಕತ್ತರಿಸಿ, ಹೊಸ ಸಾಸಿವೆ ತುಂಬಿ ಕೂಸಿಗೆ ದಿಂಬು ಹೊಲಿದಳು. ಅಳತೆಗೆ ಇಟ್ಟುಕೊಂಡಿದ್ದ ಹಳೆಯ ಚೀಲವನ್ನು ಹೊಲಿಗೆ ಮುಗಿದ ಮೇಲೆ ಒಯ್ದು ಬಚ್ಚಲ ಒಲೆಗೆ ಹಾಕಿದಳು.